ಬಾಯಿ ಆರತೈತಿ ಅಂದ್ರ ಮೊದಲು ಗುಳಿಗಿ ಚೀಲ ತರ್ರಿ

ಹುಬ್ಬಳ್ಳಿಯ ನನ್ನ ದಂತ ಚಿಕಿತ್ಸಾಲಯಕ್ಕೆ ‘ಎಷ್ಟ್ ನೀರ್ ಕುಡದ್ರೂ ಬಾಯಿ ಆರತೈತ್ರಿ’ ಎಂದು ಬರುವವರಿಗೆ, ನುಂಗುವ ಗುಳಿಗೆಗಳನ್ನೆಲ್ಲ ಚೀಲದ ಸಮೇತ ತರಲು ಹೇಳುತ್ತೇನೆ. ಬೇಸಿಗೆಯ ದಾಹ ನೀರು ಕುಡಿದರೆ ತೀರುತ್ತದೆ. ತೀರದಿದ್ದರೆ ಉಗುಳೇ ಕಡಿಮೆಯಾಗಿರಬಹುದು. ನೆಗಡಿಯ ಕ್ಲೋರ್‌ಫೆನಿರಮಿನ್, ನರನೋವಿನ ಅಮಿಟ್ರಿಪ್ಟಿಲಿನ್, ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ಈ ಮೂರೂ ಉಗುಳಿನ ಗ್ರಂಥಿಗೆ ನರ ಕಳಿಸುವ ಸಂದೇಶವನ್ನೇ ತಡೆಯುತ್ತವೆ. ಹಾಗಂತ ತಾವಾಗಿಯೇ ಬಿಡಬಾರದು. ಬರೆದುಕೊಟ್ಟ ಡಾಕ್ಟರನ್ನು ಕೇಳಿ ಬದಲಿಸಬೇಕು.

ಬಾಯಿ ನೋಡುವ ಕನ್ನಡಿ ಕೆನ್ನೆಯ ಒಳಗೆ ಅಂಟಿಕೊಂಡರೆ, ನಾಲಿಗೆ ಕೆಳಗೆ ನೊರೆಯಷ್ಟೇ ಕಂಡರೆ, ಉಗುಳು ಅಳೆಯುತ್ತೇನೆ. ತಿಂದು ಒಂದೂವರೆ ತಾಸಾಗಿರಬೇಕು. ತಲೆ ಬಗ್ಗಿಸಿ, ನುಂಗದೆ, ಮಾತಾಡದೆ, 15 ನಿಮಿಷ ಅಳತೆಯ ಕಪ್ಪಿನಲ್ಲಿ ಉಗುಳಬೇಕು. 1.5 ಮಿಲಿಗಿಂತ ಕಡಿಮೆ ಬಂದರೆ ಗ್ರಂಥಿ ಸೋತಿದೆ. ಸಾಕಷ್ಟು ಬಂದು, ಬೆಳಿಗ್ಗೆ ಎದ್ದಾಗ ಮಾತ್ರ ಗಂಟಲು ಒಣಗಿರುವವರು ಹೆಚ್ಚಾಗಿ ರಾತ್ರಿ ಬಾಯಿಂದ ಉಸಿರಾಡುವವರು; ಅವರು ಮೂಗು ತೋರಿಸಬೇಕು. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವವರ ಸಕ್ಕರೆ ಪರೀಕ್ಷೆ ಮಾಡಿಸುತ್ತೇನೆ. ಕಣ್ಣಲ್ಲೂ ಉಸುಕು ಬಿದ್ದಂತಾಗಿ ಕೀಲು ನೋಯುತ್ತಿದ್ದರೆ ಶೋಗ್ರೆನ್ ಕಾಯಿಲೆಯ (ದೇಹದ ರೋಗನಿರೋಧಕ ಶಕ್ತಿಯೇ ಉಗುಳು, ಕಣ್ಣೀರಿನ ಗ್ರಂಥಿಗಳ ಮೇಲೆ ತಿರುಗಿಬೀಳುವ ಕಾಯಿಲೆ) ಅನುಮಾನ. ತಲೆ, ಕುತ್ತಿಗೆಗೆ ರೇಡಿಯೇಷನ್ ಆದವರಲ್ಲಿ ಗ್ರಂಥಿಯೇ ಸುಟ್ಟಿರುತ್ತದೆ.

ಗುಟ್ಕಾ ಹಾಕಿದರೆ ಬಾಯಿ ಹಸಿ ಇರುತ್ತದೆ ಎನ್ನುವವರು ನಮ್ಮಲ್ಲಿ ಬಹಳ. ಅಗಿಯುವಾಗ ಉಗುಳು ಬರುವುದು ನಿಜ. ಆದರೆ ಅಡಿಕೆಯಿಂದ ಕೆನ್ನೆಯ ಒಳಪದರ ಬಿಳಿಚಿ, ಗಡುಸಾಗಿ, ಖಾರ ತಾಗಿದರೆ ಉರಿಯುತ್ತದೆ, ಕ್ರಮೇಣ ಬಾಯಿಯೇ ತೆರೆಯುವುದಿಲ್ಲ. ಗುಟ್ಕಾ ಬಿಡದೆ ಮಾಡುವ ಬೇರೆ ಉಪಚಾರವೆಲ್ಲ ವ್ಯರ್ಥ.

ಉಪಶಮನಕ್ಕೆ ಪಾವು ಲೀಟರ್ ನೀರಿಗೆ ಕಾಲು ಚಮಚೆ ಉಪ್ಪು, ಕಾಲು ಚಮಚೆ ಅಡುಗೆ ಸೋಡಾ ಕಲಸಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಿ. ನುಂಗಬೇಡಿ, ಬಿಪಿ ಇದ್ದವರಂತೂ ಬೇಡವೇ ಬೇಡ. ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಲಿಂಬು ಚೀಪಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ದಯವಿಟ್ಟು ಬೇಡ. ಹುಳಿಯನ್ನು ತೊಳೆಯಲು ಉಗುಳಿಲ್ಲದಾಗ ಹಲ್ಲು ಸವೆಯುತ್ತದೆ. ಪೆಪ್ಪರಮೆಂಟಿನ ಸಕ್ಕರೆಯಿಂದ ಒಸಡಿನ ಅಂಚಿನಲ್ಲೇ ಹುಳುಕು ಹಿಡಿಯುತ್ತದೆ. ಸಕ್ಕರೆಯಿಲ್ಲದ, ಝೈಲಿಟಾಲ್ ಎಂಬ ಹಲ್ಲು ಹುಳುಕಿಸದ ಸಿಹಿ ಇರುವ ಚೂಯಿಂಗ್ ಗಮ್ ವಾಸಿ. ಕಟಕ ರೊಟ್ಟಿ, ಒಣ ಶೇಂಗಾ ಚಟ್ನಿ ಗಂಟಲಲ್ಲಿ ಕೂತುಬಿಡುತ್ತವೆ. ಬಿಸಿ ಜೋಳದ ರೊಟ್ಟಿಯನ್ನು ಬೇಳೆ ಸಾರಲ್ಲೋ ಮೊಸರಲ್ಲೋ ಮುರಿದು ನೆನೆಸಿ ಉಣ್ಣಿರಿ.

ತುಟಿಯನ್ನು ನಾಲಿಗೆಯಿಂದ ಸವರಿದಷ್ಟೂ ಒಡೆಯುತ್ತದೆ: ಉಗುಳು ಆರುವಾಗ ತುಟಿಯ ತೇವವೂ ಹೋಗುತ್ತದೆ. ನೀರಿನಿಂದ ಒದ್ದೆ ಮಾಡಿ, ಅದರ ಮೇಲೆಯೇ ವ್ಯಾಸಲಿನ್ ತೆಳುವಾಗಿ ಹಚ್ಚಿ. ಕರ್ಪೂರ, ಪುದೀನ ಹಾಕಿದ ಮುಲಾಮು ಉರಿ ಹೆಚ್ಚಿಸುತ್ತದೆ. ಬಾಯಿಯ ಮೂಲೆ ಸೀಳಿ ಕೆಂಪಾಗಿದ್ದರೆ ಬಹಳ ಸಲ ಶಿಲೀಂಧ್ರ ಇರುತ್ತದೆ, ವ್ಯಾಸಲಿನ್ನಿಗೆ ಬಗ್ಗುವುದಿಲ್ಲ. ಹಲ್ಲಿನ ಸೆಟ್ಟು ಇದ್ದವರು ರಾತ್ರಿ ತೆಗೆದು, ತಿಕ್ಕಿ ತೊಳೆದು ನೀರಿನಲ್ಲಿಡಬೇಕು.

ಇಷ್ಟಕ್ಕೂ ಬಗ್ಗದಿದ್ದರೆ, ಗ್ರಂಥಿಯಲ್ಲಿ ಜೀವ ಉಳಿದಿದ್ದರೆ, ಉಗುಳು ಹೆಚ್ಚಿಸುವ ಗುಳಿಗೆ ಪೈಲೊಕಾರ್ಪಿನ್ 5 ಮಿಗ್ರಾಂ ದಿನಕ್ಕೆ ಮೂರು ಸಲ ಕೊಡುವುದುಂಟು. ಹತೋಟಿಗೆ ಬಾರದ ದಮ್ಮು, ಕೆಲ ಬಗೆಯ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇದ್ದವರಿಗೆ ಅದು ಆಗದು. ಆದ್ದರಿಂದ ಅಂಗಡಿಯಲ್ಲಿ ಕೇಳಿ ತಂದು ನುಂಗಬೇಡಿ.