ಕೇಬಲ್ ಕಿತ್ತಿಟ್ಟು ನಡೆಸಿದ ಸಿಟಿಎಫ್: ನನ್ನ ಅನುಭವ

ಸಿಟಿಎಫ್ (ಕ್ಯಾಪ್ಚರ್ ದ ಫ್ಲ್ಯಾಗ್) ಅಂದರೆ ಹ್ಯಾಕಿಂಗ್ ಸ್ಪರ್ಧೆ: ಪ್ರಶ್ನೆ ಬಿಡಿಸಿ, ಅದರಲ್ಲಿ ಅಡಗಿಸಿಟ್ಟ ಫ್ಲ್ಯಾಗ್ ಎಂಬ ಗುಟ್ಟಿನ ಸಾಲು ಹುಡುಕಿ ಕಳಿಸಿದರೆ ಅಂಕ. ಹೊರಗಿನ ಇಂಟರ್‌ನೆಟ್ ಕೇಬಲ್ ಕಿತ್ತಿಟ್ಟೂ ಅದನ್ನು ನಡೆಸಬಹುದು. ಬಾಗಲಕೋಟೆಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ನಡೆಸಿದೆವು. ಸುಮಾರು 20 ಟೀಮು, 60ರ ಹತ್ತಿರ ಮಕ್ಕಳು, ಸರ್ವರ್ ಅಂತ ಒಂದು ಹಳೇ ಡೆಸ್ಕ್‌ಟಾಪ್. "ಇಂಟರ್‌ನೆಟ್ ಇಲ್ಲದ ಹ್ಯಾಕಿಂಗ್ ಅಂದ್ರ ನೀರಿಲ್ಲದ ಈಜು ಆತಲ್ರಿ" ಅಂತ ಸ್ಟಾಫ್ ರೂಮಿನಲ್ಲಿ ನಕ್ಕವರೇ ಸಂಜೆ ಸ್ಕೋರ್‌ಬೋರ್ಡ್ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅದಕ್ಕೇ ಬರೆಯುತ್ತಿದ್ದೇನೆ.

ಸಿಟಿಎಫ್‌ಡಿ (ಪ್ರಶ್ನೆ, ಅಂಕ, ಸ್ಕೋರ್‌ಬೋರ್ಡ್ ನೋಡಿಕೊಳ್ಳುವ ಸಾಫ್ಟ್‌ವೇರ್) ಹಾಕುವುದು, ಡಾಕರ್ ಕಂಪೋಸ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಓಡಿಸುವ ಸಾಧನ) ಎಬ್ಬಿಸುವುದು ಮಾಡಿದವರಿಗೆ ಗೊತ್ತೇ ಇದೆ. ಅದನ್ನು ಬಿಡುತ್ತೇನೆ.

ಮೊದಲು ನಾವೂ ಕ್ಲೌಡ್‌ನಲ್ಲೇ ಮಾಡಿದ್ದೆವು. ಇಡೀ ಲ್ಯಾಬು ಒಂದೇ ಲೈನಿನಲ್ಲಿ ಹೊರಗೆ ಹೋಗಬೇಕು. ಒಂದು ಫೊರೆನ್ಸಿಕ್ಸ್ (ಸುಳಿವು ಹುಡುಕುವ ಪ್ರಶ್ನೆಯ) ಫೈಲ್ ಇಳಿಯುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ಬೆಂಗಳೂರಿನ ಒಂದು ಸಂಸ್ಥೆಯವರನ್ನು ಕೇಳಿದರೆ, ಒಂದು ದಿನ ನಡೆಸಿಕೊಡಲು 60,000 ಅಂದರು. ನಮ್ಮ ವಿಭಾಗದ ಇಡೀ ವರ್ಷದ ಕಾರ್ಯಕ್ರಮಗಳಿಗೂ ಅಷ್ಟು ಸಿಗುವುದಿಲ್ಲ. ಹಣದ ಕಥೆ ಅದಾಯಿತು. ಅದಕ್ಕಿಂತ ದೊಡ್ಡ ತಲೆನೋವು ಇನ್ನೆರಡು. ಸುಲಭದ ಕ್ರಿಪ್ಟೋ (ಗುಪ್ತಲಿಪಿ) ಪ್ರಶ್ನೆಯನ್ನು ಚಾಟ್‌ಜಿಪಿಟಿಗೆ ಅಂಟಿಸಿದರೆ ಫ್ಲ್ಯಾಗೇ ಕೈಗೆ ಬರುತ್ತದೆ. ಬಂದ ಫ್ಲ್ಯಾಗು ಪಕ್ಕದ ಹಾಸ್ಟೆಲ್ ರೂಮಿನ ವಾಟ್ಸಾಪ್‌ಗೆ ಹೋಗುತ್ತದೆ. ಹೀಗಾದ ಮೇಲೆ ಬಹುಮಾನ ಯಾರಿಗೆ ಕೊಡೋದು?

ಈ ಸಲ ಲ್ಯಾಬಿನ ಬಾಗಿಲಲ್ಲೇ ಒಂದು ಟ್ರೇ ಇಟ್ಟು ಮೊಬೈಲ್ ಹಾಕಿಸಿಕೊಂಡೆವು. ಬೇಕಾದ ಇಮೇಜುಗಳನ್ನೆಲ್ಲ (ಕಂಟೇನರ್ ಎಬ್ಬಿಸುವ ಸಿದ್ಧ ಫೈಲುಗಳು) ಮನೆಯಲ್ಲೇ ಇಳಿಸಿ, ಡಾಕರ್ ಸೇವ್ ಮಾಡಿ, ಪೆನ್‌ಡ್ರೈವ್‌ನಲ್ಲಿ ತಂದು ಲೋಡ್ ಮಾಡಿದೆ. ಸಂಕೇತ ಬಿಡಿಸುವ ಸೈಬರ್‌ಶೆಫ್ ಅಂತೂ ಒಂದೇ ಪುಟದ ಆಟ, ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ಓಡುತ್ತದೆ. ಘಿಡ್ರಾ, ವೈರ್‌ಶಾರ್ಕ್, ಬಿನ್‌ವಾಕ್ ಎಂಬ ಸಾಧನಗಳು, ರಾಕ್‌ಯು ಪಾಸ್‌ವರ್ಡ್ ಪಟ್ಟಿ ಎಲ್ಲ ಮೊದಲೇ ಲ್ಯಾಬ್ ಮಷಿನ್‌ಗಳಿಗೆ ಹಾಕಿಟ್ಟೆ. ಮ್ಯಾನ್ ಪೇಜ್ (ಕಮಾಂಡುಗಳ ಕೈಪಿಡಿ) ಓದಲು ಬರದವರು ಆ ದಿನ ಕಲಿತರು. ನನ್ನ ಕಣ್ಣಿಗೆ ಅದೇ ದೊಡ್ಡ ಲಾಭ.

ಡೆಸ್ಕ್‌ಟಾಪ್ ಲ್ಯಾಬಿನಿಂದ ತೆಗೆದುಹಾಕಿದ್ದು, ನಾಲ್ಕನೇ ತಲೆಮಾರಿನ ಐ5. ಅದಕ್ಕೆ ಹಳೇ 8 ಜಿಬಿ ರ‍್ಯಾಮ್ ಇನ್ನೊಂದು ಸೇರಿಸಿದೆ, 800 ರೂಪಾಯಿ. ಇಡೀ ದಿನ ಸಿಪಿಯು ಅರ್ಧಕ್ಕಿಂತ ಮೇಲೆ ಏರಿದ್ದು ನಾನಂತೂ ನೋಡಲಿಲ್ಲ. ಯಂತ್ರಗಳಲ್ಲಿ ಹೆಚ್ಚು ಖರ್ಚಾಗಿದ್ದು ಮಷಿನ್‌ಗಳನ್ನು ಜೋಡಿಸುವ ಸ್ವಿಚ್‌ಗೆ. ಲ್ಯಾಬಿನಲ್ಲಿದ್ದದ್ದು ನೂರು ಎಂಬಿಪಿಎಸ್‌ನದು. ಎಲ್ಲರೂ ಒಟ್ಟಿಗೆ ಡಿಸ್ಕ್ ಇಮೇಜ್ ಎಳೆದರೆ ಉಸಿರು ಕಟ್ಟುತ್ತಿತ್ತು. ಬೆಳಗಾವಿಯಲ್ಲಿ ಸೆಕೆಂಡ್ ಹ್ಯಾಂಡ್ ಗಿಗಾಬಿಟ್ ಸ್ವಿಚ್ ಹುಡುಕಿ ತಂದೆವು. 24 ಪೋರ್ಟು, 3,200ಕ್ಕೆ ಬಿಟ್ಟ, ಫ್ಯಾನ್ ಮಾತ್ರ ಗಿರಣಿ ಹಾಗೆ ಸದ್ದು ಮಾಡುತ್ತದೆ. ವೈಫೈ ಕಡೆ ಹೋಗಲೇ ಇಲ್ಲ.

ರಿಹರ್ಸಲ್ ದಿನ ಬೆಳಿಗ್ಗೆ ಎಲ್ಲ ಹಚ್ಚಿದರೆ ಒಬ್ಬ ಹುಡುಗ ಬಂದ. "ಸರ, ಇನ್ನೂ ಶುರುನ ಆಗಿಲ್ಲ ಅಂತ ತೋರಸಾಕತ್ತೈತ್ರಿ" ಅಂದ. ಕಂಟೇನರ್ ನೋಡಿದೆ, ಸರಿ ಇದೆ. ಡೇಟಾಬೇಸ್ ನೋಡಿದೆ, ಸರಿ ಇದೆ. ಆಮೇಲೆ ಗಡಿಯಾರ ನೋಡಿದರೆ ಮಷಿನ್ ಎಷ್ಟೋ ವರ್ಷ ಹಿಂದಿನ ಜನವರಿ 1ರಲ್ಲಿ ಕೂತಿತ್ತು. ಮದರ್‌ಬೋರ್ಡ್ ಸೆಲ್ ಸತ್ತಿತ್ತು. ನೆಟ್ ಇದ್ದಾಗ ಸಮಯ ತಾನಾಗಿಯೇ ಸರಿಹೋಗುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ನೆಟ್ ಕಿತ್ತ ಮೇಲೆ ಸರ್ವರ್ ಗಡಿಯಾರವೇ ಸತ್ಯ, ಸಿಟಿಎಫ್‌ಡಿ ಶುರು ಮತ್ತು ಮುಕ್ತಾಯವನ್ನು ಅದನ್ನೇ ನೋಡಿ ಹೇಳುತ್ತದೆ. ಸಿಆರ್ 2032 ಸೆಲ್, 40 ರೂಪಾಯಿ. ಆಫ್‌ಲೈನ್ ಮಾಡುವವರು ಮೊದಲು ಕೊಳ್ಳಬೇಕಾದ ಸಾಮಾನು ಇದೇ.

ಎರಡನೆಯ ತೊಂದರೆ ಕರೆಂಟು. ಸ್ಪರ್ಧೆಯ ದಿನ ಮಧ್ಯಾಹ್ನ ಊಟಕ್ಕೆ ಮುಂಚೆ ಹೋಯಿತು. ಸರ್ವರ್ ಮತ್ತು ಸ್ವಿಚ್ ಯುಪಿಎಸ್ ಮೇಲಿದ್ದವು, ಅಲುಗಾಡಲಿಲ್ಲ. ಮಕ್ಕಳ ಮಷಿನ್‌ಗಳು ಮಾತ್ರ ಆಫ್ ಆದವು. ಅವುಗಳಲ್ಲಿ ರೀಬೂಟ್ ಆದರೆ ಡಿಸ್ಕ್ ಮೊದಲಿನಂತಾಗುವ ಸಾಫ್ಟ್‌ವೇರ್ ಇದೆ, ಲ್ಯಾಬ್ ನೋಡಿಕೊಳ್ಳುವವರಿಗೆ ಅದೇ ಜೀವ. ಬರೆದಿಟ್ಟ ಸ್ಕ್ರಿಪ್ಟು, ಅರ್ಧ ಬಿಡಿಸಿದ ಬೈನರಿ ಎಲ್ಲ ಮಾಯ. ಗದ್ದಲವೋ ಗದ್ದಲ. ಆಮೇಲೆ ಟೀಮಿಗೊಂದು ಹಂಚಿಕೆ ಫೋಲ್ಡರನ್ನು ಸರ್ವರ್ ಮೇಲೇ ಮಾಡಿಕೊಟ್ಟೆ, ಆಟದ ಸಮಯ ಮುಕ್ಕಾಲು ಗಂಟೆ ಮುಂದೆ ಹಾಕಿದೆ. ಜಗಳ ತಣ್ಣಗಾಯಿತು.

ಪೌನ್ ಚಾಲೆಂಜ್‌ನಲ್ಲಿ (ಪ್ರೋಗ್ರಾಂನ ದೋಷ ಹಿಡಿದು ಒಳನುಗ್ಗುವ ಪ್ರಶ್ನೆ) ಯಾರೋ ಫೋರ್ಕ್ ಬಾಂಬ್ (ತನ್ನನ್ನೇ ನಕಲಿಸುತ್ತ ಮಷಿನ್ ಉಸಿರುಗಟ್ಟಿಸುವ ಪ್ರೋಗ್ರಾಂ) ಹಾಕುತ್ತಾರೆ ಅಂತ ಗೊತ್ತಿತ್ತು, ಹಾಕಿದರು. ಕಂಟೇನರ್‌ಗೆ ಪಿಡ್ ಮಿತಿ (ಎಷ್ಟು ಪ್ರೋಸೆಸ್ ಓಡಬಹುದು ಅನ್ನುವುದು), ಮೆಮೊರಿ ಮಿತಿ ಕೊಟ್ಟಿದ್ದೆ. ಫ್ಲ್ಯಾಗ್ ಫೈಲ್ ರೂಟ್ (ಅಡ್ಮಿನ್) ಹೆಸರಲ್ಲಿ, ಓದಲು ಮಾತ್ರ. ಬಾಂಬ್ ಹಾಕಿದವನೇ ಸುಸ್ತಾದ.

ಈಗ ನಾನು ಎದೆ ತಟ್ಟಿಕೊಳ್ಳುವ ವಿಷಯ. ಟೀಮಿಗೊಂದು ಫ್ಲ್ಯಾಗ್. ಸಿಟಿಎಫ್‌ಡಿಯಲ್ಲಿ ಮೂಲತಃ ಆ ಸೌಲಭ್ಯ ಇಲ್ಲ. ಆದರೆ ಫ್ಲ್ಯಾಗನ್ನು ರೆಜೆಕ್ಸ್ ಆಗಿ, ಅಂದರೆ ಹಲವು ಉತ್ತರ ಹೊಂದುವ ಒಂದು ಮಾದರಿಯಾಗಿ, ಕೊಡಬಹುದಲ್ವಾ? ಪೈಥಾನ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದು, ಪ್ರತಿ ಟೀಮಿನ ಫೈಲಿನಲ್ಲಿ ಫ್ಲ್ಯಾಗಿನ ಬಾಲ ಬೇರೆ ಬೇರೆ ಮಾಡಿದೆ. ರೆಜೆಕ್ಸ್ ಎಲ್ಲ ಬಾಲಗಳನ್ನೂ ಒಪ್ಪಿಕೊಳ್ಳುತ್ತದೆ, ಅಂಕ ಕೊಡುತ್ತದೆ. ಅಡ್ಮಿನ್‌ನ ಸಬ್‌ಮಿಷನ್ ಪುಟದಲ್ಲಿ ಮಾತ್ರ ಯಾರ ಬಾಲ ಯಾರ ಬಾಯಲ್ಲಿ ಬಂತು ಅಂತ ಕಾಣುತ್ತದೆ. ಎರಡು ಟೀಮು ಮೂರನೆಯವರ ಬಾಲ ಹಿಡಿದು ಬಂದವು. ಕರೆದು ಕೇಳಿದೆ. "ಇಲ್ರಿ ಸರ, ನಾವ ಬಿಡಿಸೀವ್ರಿ" ಅಂದರು. ಪಟ್ಟಿ ತೋರಿಸಿದ ಮೇಲೆ ಮಾತಿಲ್ಲ. ಸುಮ್ನೆ ಬಾಲ ಬದಲಿಸಿ ಕಳಿಸಿದರೆ ಏನು ಮಾಡ್ತೀರಿ ಅಂತ ಕೇಳುವವರಿಗೆ: ಅದಕ್ಕೂ ಒಂದು ಏರ್ಪಾಡಿದೆ, ಅದನ್ನು ಹೇಳುವುದಿಲ್ಲ. ಮುಂದಿನ ವರ್ಷದ ಹುಡುಗರೂ ಇದನ್ನು ಓದುತ್ತಾರೆ.

ಪ್ರಶ್ನೆಗಳ ಬಗ್ಗೆ ಎರಡು ಮಾತು. ಒಂದು ಪ್ರಶ್ನೆಗೆ ಹಳೇ ನುಡಿ ಫಾಂಟಿನ ಕನ್ನಡ ವಾಕ್ಯವನ್ನು ಬರೀ ಟೆಕ್ಸ್ಟ್ ಫೈಲಿನಲ್ಲಿ ಹಾಕಿ ಕೊಟ್ಟೆ. ಯೂನಿಕೋಡ್ ಅಲ್ಲದ್ದರಿಂದ ಫಾಂಟ್ ಇಲ್ಲದೆ ತೆರೆದರೆ ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ. ಕಾಲಿ ಲಿನಕ್ಸ್‌ನಲ್ಲಿ ಪಳಗಿದವರು ಎಕ್ಸಾರ್, ರಾಟ್13, ಬೇಸ್64 ಅಂತ ಗೊತ್ತಿದ್ದ ಸಂಕೇತಗಳಲ್ಲೆಲ್ಲ ತಾಸುಗಟ್ಟಲೆ ತಿರುಗಿಸಿದರು. ಪ್ರಿಂಟಿಂಗ್ ಪ್ರೆಸ್ ಮನೆತನದ ಒಬ್ಬ ಹುಡುಗಿ ನೋಡಿದವಳೇ ವರ್ಡ್‌ಗೆ ಅಂಟಿಸಿ, ನುಡಿ ಫಾಂಟ್ ಆರಿಸಿ, ಓದಿಬಿಟ್ಟಳು. ಐದು ನಿಮಿಷವೂ ಆಗಿರಲಿಕ್ಕಿಲ್ಲ.

ಇನ್ನೊಂದು ಬಾದಾಮಿಯ ಮೂರನೇ ಗುಹೆಯ ಮಂಗಳೇಶನ ಶಾಸನದ್ದು. ಶಕ 500 ಅಂತ ಕೊಟ್ಟು ಕ್ರಿಸ್ತಶಕ ಕೇಳಿದ್ದೆ. 78 ಕೂಡಿಸಿದರೆ 578. ವರ್ಷವನ್ನು ಊಹಿಸಿ ಹೊಡೆಯುತ್ತಾರೆ ಅಂತ ಮೂರೇ ಪ್ರಯತ್ನ ಇಟ್ಟಿದ್ದೆ. ಇಂಥದ್ದಕ್ಕೆ ಆ ಮಿತಿ ಇಲ್ಲದಿದ್ದರೆ ಸ್ಕ್ರಿಪ್ಟ್ ಬರೆದು ತಿನ್ನುತ್ತಾರೆ. ನಿಮಿಷಕ್ಕೆ ಹತ್ತು ತಪ್ಪು ಅನ್ನುವ ಸಿಟಿಎಫ್‌ಡಿಯ ತಡೆ ಇಲ್ಲಿ ಸಾಲದು.

ಫ್ಲ್ಯಾಗನ್ನೇ ಕನ್ನಡ ಲಿಪಿಯಲ್ಲಿ ಇಡುವ ಆಸೆಯೂ ಇತ್ತು. ರಿಹರ್ಸಲ್‌ನಲ್ಲೇ ಕೈಬಿಟ್ಟೆವು. ಒಂದು ಕೀಬೋರ್ಡ್ ಮಧ್ಯೆ ಕಾಣದ ಜೋಡಣೆ ಅಕ್ಷರ ತುರುಕುತ್ತದೆ, ಇನ್ನೊಂದು ತುರುಕುವುದಿಲ್ಲ. ಓಕಾರವನ್ನು ಒಂದೇ ಕೋಡಿನಲ್ಲೂ ಬರೆಯಬಹುದು, ಬಿಡಿಬಿಡಿ ಚಿಹ್ನೆ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ ಪದ, ಬೈಟ್‌ನಲ್ಲಿ ಬೇರೆ, ಉತ್ತರ ತಪ್ಪು. ನಾರ್ಮಲೈಸ್ ಮಾಡುವ, ಅಂದರೆ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಪ್ಲಗಿನ್ ಬರೆಯಬೇಕು, ಪುರುಸೊತ್ತು ಸಿಕ್ಕಿಲ್ಲ.

ಒಟ್ಟು ಖರ್ಚು 17,000ದ ಆಚೀಚೆ. ಬಹುಮಾನಕ್ಕೆ 6,000, ರೊಟ್ಟಿ ಊಟ, ಚಹಾ, ಸಂಜೆ ಗಿರ್ಮಿಟ್ ಸೇರಿ 5,500 ಇರಬೇಕು. ಉಳಿದದ್ದು ಸ್ವಿಚ್ಚು, ಕೇಬಲ್, ಸರ್ಟಿಫಿಕೇಟ್. ಟೀಮಿಗೆ 150ರಂತೆ 3,000 ಬಂತು, ಬಾಕಿ ವಿಭಾಗ ಮತ್ತು ಒಬ್ಬ ಹಳೇ ವಿದ್ಯಾರ್ಥಿ ಕೊಟ್ಟರು. ಸ್ವಿಚ್ಚು ನಮ್ಮಲ್ಲೇ ಉಳಿಯಿತು, ಆ ಲೆಕ್ಕದಲ್ಲಿ ಮುಂದಿನ ಸಲ ಇನ್ನೂ ಅಗ್ಗ.

ವಿಜಯಪುರ ಕಡೆಯ ಇಬ್ಬರು ಮೇಷ್ಟ್ರು ಆಗಲೇ ಕೇಳಿದ್ದಾರೆ. ಇಮೇಜುಗಳನ್ನು ಯಾರು ಬೇಕಾದರೂ ಬಂದು ಕಾಪಿ ಮಾಡಿಕೊಳ್ಳಲಿ. ಪೆನ್‌ಡ್ರೈವ್ ಫ್ಯಾಟ್32 ಇದ್ದರೆ ಮೊದಲೇ ಫಾರ್ಮ್ಯಾಟ್ ಬದಲಿಸಿ ತನ್ನಿ. ಇಮೇಜುಗಳನ್ನು ಕಟ್ಟಿಟ್ಟ ಟಾರ್ ಫೈಲ್ 4 ಜಿಬಿ ದಾಟಿದೆ, ಅದರಲ್ಲಿ ಹತ್ತುವುದಿಲ್ಲ.