ಮುಂದಕ್ಕೆ ಹಾಕಿದ ಸೋಫಾ, ಕೈಯಲ್ಲಿರುವ ದುಡ್ಡು: ಡಲ್ ಕಾಲದ ವ್ಯಾಪಾರದಲ್ಲಿ ನನ್ನ ಅನುಭವ

ನನ್ನದು ಪೀಠೋಪಕರಣ ಮಾಡುವ ಸಣ್ಣ ವರ್ಕ್‌ಶಾಪ್. ಮಂಚ, ಮೇಜು, ಸೋಫಾ, ವಾರ್ಡ್‌ರೋಬ್, ಅಷ್ಟೇ. ಆರ್ಥಿಕ ಹಿಂಜರಿತ ಬಂತು ಅಂದರೆ ಅದರ ಬಿಸಿ ಮೊದಲು ತಟ್ಟುವುದು ನಮ್ಮಂಥವರಿಗೆ. ಊಟ, ಔಷಧಿ, ಮಕ್ಕಳ ಫೀಸು ನಿಲ್ಲಿಸಲು ಯಾರಿಗೂ ಆಗುವುದಿಲ್ಲ. ಸೋಫಾ ಮುಂದಿನ ವರ್ಷ ತಗೊಂಡರೂ ನಡೆಯುತ್ತದೆ. ಅರ್ನ್‌ಸ್ಟ್ ಎಂಗೆಲ್ ಎಂಬ ಜರ್ಮನ್ ಸಂಖ್ಯಾಶಾಸ್ತ್ರಜ್ಞ 1857ರಲ್ಲೇ ಸಂಸಾರಗಳ ಖರ್ಚು ನೋಡಿ ಹೇಳಿಟ್ಟಿದ್ದ: ಆದಾಯ ಕಡಿಮೆ ಇದ್ದಷ್ಟೂ ಅದರಲ್ಲಿ ಊಟಕ್ಕೆ ಹೋಗುವ ಪಾಲು ಜಾಸ್ತಿ. ಮಿಕ್ಕಿದ್ದರಲ್ಲಿ ನಮ್ಮ ಸರದಿ ಬರುವುದು ಕೊನೆಗೆ.

2008ರಲ್ಲಿ ಅಮೆರಿಕದ ಲೆಹ್ಮನ್ ಬ್ರದರ್ಸ್ ಬ್ಯಾಂಕ್ ಮುಳುಗಿದ ಮೇಲೆ ಬಿದ್ದ ಹೊಡೆತ ಒಂದು, 2020ರ ಕೋವಿಡ್ ಇನ್ನೊಂದು. ಎರಡನ್ನೂ ದಾಟಿ ವರ್ಕ್‌ಶಾಪ್ ಇನ್ನೂ ನಡೆಯುತ್ತಿದೆ. ಹೇಗೆ ಅಂತ ಹೊಸದಾಗಿ ವ್ಯಾಪಾರಕ್ಕೆ ಇಳಿದವರು ಆಗಾಗ ಕೇಳುತ್ತಾರೆ. ನಾನು ಕಂಡುಕೊಂಡದ್ದು ಇಷ್ಟು: ಕಷ್ಟಕಾಲದಲ್ಲಿ ಗಿರಾಕಿ ಕೊಳ್ಳುವುದನ್ನು ಬಿಡುವುದಿಲ್ಲ, ಮುಂದಕ್ಕೆ ಹಾಕುತ್ತಾನೆ. ಅವನು ಮುಂದಕ್ಕೆ ಹಾಕಿದಷ್ಟು ದಿನವೂ ನಮ್ಮ ಕೈಯಲ್ಲಿ ದುಡ್ಡು ಓಡಾಡುತ್ತಿರಬೇಕು. ಲಾಭ ಎಷ್ಟು ಅನ್ನುವುದು ಆಮೇಲಿನ ಮಾತು.

ಗಿರಾಕಿ ಬದಲಾಗಿದ್ದು ನನಗೆ ಮೊದಲು ಗೊತ್ತಾಗಿದ್ದು ಮಾರಾಟದ ಅಂಕಿಯಿಂದಲ್ಲ, ಅವರು ಕೇಳುವ ಪ್ರಶ್ನೆಯಿಂದ. ಒಳ್ಳೆಯ ಕಾಲದಲ್ಲಿ "ಬೇರೆ ಡಿಸೈನ್ ಇದೆಯಾ, ಯಾವಾಗ ಕೊಡ್ತೀರಿ" ಎಂದು ಕೇಳುತ್ತಿದ್ದರು. ಡಲ್ ಶುರುವಾದ ಮೇಲೆ "ಎಷ್ಟು ವರ್ಷ ಬಾಳಿಕೆ ಬರುತ್ತೆ, ಆಮೇಲೆ ಬಟ್ಟೆ ಮಾತ್ರ ಬದಲಿಸಬಹುದಾ, ಈಗ ಅರ್ಧ ಮಾಡಿಸಿ ಮಿಕ್ಕಿದ್ದು ಆಮೇಲೆ ಮಾಡಿಸಿದರೆ ಆಗುತ್ತಾ" ಎಂದು ಕೇಳತೊಡಗಿದರು. ಕೊಟೇಶನ್ ತಗೊಂಡು ಹೋದವರು ತಿರುಗಿ ಬರುವುದಕ್ಕೆ ತೆಗೆದುಕೊಳ್ಳುವ ಸಮಯ ಉದ್ದವಾಯಿತು. ಒಬ್ಬರೇ ಬರುತ್ತಿದ್ದವರು ಮನೆಯವರನ್ನೂ ಕರೆದುಕೊಂಡು ಬಂದರು. ಇವು ಸಣ್ಣ ವಿಷಯಗಳು. ಆದರೆ ಪೇಪರಿನಲ್ಲಿ ಜಿಡಿಪಿ ಅಂಕಿ ಬರುವ ಎಷ್ಟೋ ಮೊದಲೇ ಕೌಂಟರಿನಲ್ಲಿ ಕೂತವರಿಗೆ ಇವು ಕಾಣಿಸುತ್ತವೆ.

ಇನ್ನೊಂದು ಗಮನಿಸಿದೆ. ಜನ ಎಲ್ಲದರಲ್ಲೂ ಅಗ್ಗದ್ದಕ್ಕೆ ಇಳಿಯುವುದಿಲ್ಲ. ತೀರಾ ಅಗ್ಗದ್ದೂ ಹೋಗುತ್ತದೆ, ಗಟ್ಟಿಮುಟ್ಟಾದ ದುಬಾರಿಯದ್ದೂ ಹೋಗುತ್ತದೆ. ಒದ್ದಾಡುವುದು ನಡುವಿನದು. ನೋಡಲು ದುಬಾರಿ, ಒಳಗೆ ಸಾಧಾರಣ ಅನ್ನುವಂಥ ಮಾಲು ಅಂಗಡಿಯಲ್ಲೇ ಕೂತುಬಿಡುತ್ತದೆ. ನನ್ನ ಹಳೆಯ ಕ್ಯಾಟಲಾಗಿನ ಮುಕ್ಕಾಲು ಪಾಲು ಅದೇ ಆಗಿತ್ತು. ಆ ಮಾಡೆಲ್‌ಗಳನ್ನು ನಿಲ್ಲಿಸಿದೆ.

ಸಣ್ಣಪುಟ್ಟ ಖುಷಿಯ ಖರೀದಿಯೂ ನಿಲ್ಲುವುದಿಲ್ಲ. ಮೇಕಪ್ ಸಾಮಾನಿನ ಎಸ್ಟೀ ಲಾಡರ್ ಕಂಪನಿಯ ಲಿಯೊನಾರ್ಡ್ ಲಾಡರ್ 2001ರ ಹಿಂಜರಿತದಲ್ಲಿ ಲಿಪ್‌ಸ್ಟಿಕ್ ಮಾರಾಟ ಏರಿದ್ದನ್ನು ತೋರಿಸಿ ಇದನ್ನು ಹೆಸರುವಾಸಿ ಮಾಡಿದರು. ದೊಡ್ಡದು ಕೈಗೆಟುಕದಿದ್ದಾಗ ಜನ ಚಿಕ್ಕದೊಂದನ್ನು ಕೊಂಡು ಸಮಾಧಾನಪಡುತ್ತಾರೆ ಎನ್ನುವ ಮಾತು. ಅದನ್ನು ನಿಯಮ ಅಂತ ನಂಬಬೇಡಿ. 2020ರಲ್ಲಿ ಎಲ್ಲರ ಮುಖಕ್ಕೂ ಮಾಸ್ಕ್ ಬಂದು ಲಿಪ್‌ಸ್ಟಿಕ್ ಮಾರಾಟವೇ ಬಿದ್ದಿತು. ಆದರೂ ನನ್ನ ಮಟ್ಟಿಗೆ ಅದರಲ್ಲಿ ಹುರುಳಿದೆ. ಡೈನಿಂಗ್ ಸೆಟ್ ಬೇಡ ಅಂದವರೇ ಗೋಡೆಗೆ ಹಾಕುವ ಶೆಲ್ಫ್, ಹಾಸಿಗೆ ಪಕ್ಕದ ಪುಟ್ಟ ಸ್ಟೂಲು ಮಾಡಿಸಿಕೊಂಡು ಹೋದರು. ಕೋವಿಡ್ ಕಾಲದಲ್ಲಂತೂ ಮನೆಯೇ ಆಫೀಸು, ಮನೆಯೇ ಶಾಲೆ. ಬೇರೆಲ್ಲ ನಿಂತಾಗ ಮಡಚುವ ಮೇಜು ಮಾತ್ರ ಮಾಡಿದಷ್ಟೂ ಹೋಯಿತು.

ಈಗ ದುಡ್ಡಿನ ವಿಷಯ. ಜೆಪಿ ಮಾರ್ಗನ್ ಚೇಸ್ ಬ್ಯಾಂಕಿನ ಸಂಶೋಧನಾ ಸಂಸ್ಥೆ 2016ರಲ್ಲಿ ಅಮೆರಿಕದ ಸುಮಾರು 6 ಲಕ್ಷ ಸಣ್ಣ ವ್ಯಾಪಾರಗಳ ಬ್ಯಾಂಕ್ ಖಾತೆ ಪರಿಶೀಲಿಸಿತ್ತು. ನಾಳೆಯಿಂದ ಒಂದು ಪೈಸೆ ಬರದಿದ್ದರೂ ಅವರ ಖಾತೆಯಲ್ಲಿರುವ ದುಡ್ಡು ಎಷ್ಟು ದಿನದ ಖರ್ಚಿಗೆ ಸಾಕು ಎಂಬುದು ಪ್ರಶ್ನೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ವ್ಯಾಪಾರಕ್ಕೆ ಸಿಕ್ಕ ಉತ್ತರ 27 ದಿನ. ಅಂದರೆ ಅವರಲ್ಲಿ ಅರ್ಧದಷ್ಟು ಜನರಿಗೆ ಒಂದು ತಿಂಗಳಿನ ಉಸಿರೂ ಇಲ್ಲ. ಇದನ್ನು ಓದಿದ ಮೇಲೆ ನಾನೂ ನನ್ನ ಲೆಕ್ಕ ಹಾಕಿಕೊಂಡೆ. ನೀವೂ ಹಾಕಿ, ಹತ್ತು ನಿಮಿಷದ ಕೆಲಸ.

ನಾನು ಮಾಡುವುದು ಮುಂದಿನ 13 ವಾರ ಬರುವ, ಹೋಗುವ ದುಡ್ಡಿನ ಪಟ್ಟಿ. ನಷ್ಟದಲ್ಲಿರುವ ಕಂಪನಿಗಳನ್ನು ಎತ್ತಲು ಬರುವವರು ಸಾಮಾನ್ಯವಾಗಿ ಇದನ್ನೇ ಮೊದಲು ಕೇಳುತ್ತಾರೆ. ಒಂದು ತ್ರೈಮಾಸಿಕಕ್ಕೆ 13 ವಾರ, ಅದಕ್ಕೇ ಆ ಸಂಖ್ಯೆ. ಸಾಫ್ಟ್‌ವೇರ್ ಏನೂ ಬೇಡ, ನನ್ನದು ರೂಲ್ ಹಾಕಿದ ನೋಟ್‌ಬುಕ್. ಒಂದೊಂದು ವಾರಕ್ಕೆ ಒಂದೊಂದು ಸಾಲು. ಮೊದಲ ಕಾಲಂ: "ಬರುತ್ತೆ ಅಂದದ್ದು". ಎರಡನೆಯದು: "ಬಂದದ್ದು". ಮೂರನೆಯದು ಆ ವಾರ ಕೊಡಲೇಬೇಕಾದ್ದು, ಅಂದರೆ ಸಂಬಳ, ಬಾಡಿಗೆ, ಕರೆಂಟು, ಸಾಲದ ಕಂತು, ಮಾಲಿನ ಬಾಕಿ. ಕೊನೆಗೆ ಕೈಯಲ್ಲಿ ಉಳಿಯುವುದು. ಮೊದಲ ಎರಡು ಕಾಲಂ ನಡುವಿನ ಅಂತರವೇ ಕಣ್ಣು ತೆರೆಸುವುದು. ಯಾರು ಹೇಳಿದ ದಿನಕ್ಕೆ ಕೊಡುತ್ತಾರೆ, ಯಾರು "ನಾಳೆ" ಅನ್ನುತ್ತಲೇ ಇರುತ್ತಾರೆ ಅನ್ನುವುದು ಕೆಲವು ವಾರದಲ್ಲೇ ಗೊತ್ತಾಗುತ್ತದೆ. ಮುಂದೆ ಯಾವುದೋ ವಾರ ಕೈ ಖಾಲಿ ಅಂತ ಪಟ್ಟಿ ಇಂದೇ ತೋರಿಸಿದರೆ ಓಡಾಡಲು ಸಮಯ ಸಿಗುತ್ತದೆ. ಅದೇ ವಾರ ಬಂದು ನಿಂತ ಮೇಲೆ ಕೈಗಡಕ್ಕೆ ಅಲೆಯುವುದೊಂದೇ ದಾರಿ.

ಪಟ್ಟಿ ಬರೆಯಲು ಶುರು ಮಾಡಿದ ಮೇಲೆ ದುಡ್ಡು ಎಲ್ಲಿ ಸಿಕ್ಕಿಕೊಂಡಿದೆ ಅನ್ನುವುದೂ ಕಾಣಿಸಿತು. ಒಂದು ಭಾಗ ಗೋಡೆಗೆ ಒರಗಿಸಿಟ್ಟ ಪ್ಲೈವುಡ್ ಮತ್ತು ಲ್ಯಾಮಿನೇಟ್ ಹಾಳೆಗಳಲ್ಲಿ. ಒಟ್ಟಿಗೆ ತಗೊಂಡರೆ ಅಗ್ಗ ಎಂದು ಎಲ್ಲರೂ ತುಂಬಿಸಿಡುತ್ತಾರೆ. ಡಲ್ ಕಾಲದಲ್ಲಿ ಆ ಲೆಕ್ಕ ಗಿಟ್ಟುವುದಿಲ್ಲ. ಹೊಳೆಯುವ ಬಣ್ಣದ ಲ್ಯಾಮಿನೇಟ್‌ಗಳನ್ನು ಅಸಲಿಗೇ ಬೇರೆ ವರ್ಕ್‌ಶಾಪ್‌ಗಳಿಗೆ ಕೊಟ್ಟುಬಿಟ್ಟೆ. ಮತ್ತೆ ಆರ್ಡರ್ ಬಂದ ಮೇಲೆಯೇ ಮಾಲು ತರಿಸುವುದು. ಹಾಳೆಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ಅಳತೆಗಳನ್ನೂ ತಿದ್ದಿದೆ. ಪ್ಲೈವುಡ್ ಹಾಳೆ ಬರುವುದು 8 ಅಡಿಗೆ 4 ಅಡಿ. ಮೇಜಿನ ಅಗಲವನ್ನು 2 ಅಡಿಗಿಂತ ಕೊಂಚ ಕಮ್ಮಿ ಇಟ್ಟರೆ ಒಂದು ಹಾಳೆಯಲ್ಲಿ ಉದ್ದಕ್ಕೆ ಎರಡು ಪಟ್ಟಿ ಸರಿಯಾಗಿ ಬರುತ್ತದೆ. 26 ಇಂಚು ಮಾಡಿದರೆ ಒಂದೇ ಬಂದು, ಮಿಕ್ಕಿದ್ದು ತುಂಡಾಗಿ ಮೂಲೆ ಸೇರುತ್ತದೆ. ಆ ಎರಡು ಇಂಚು ಬೇಕೇ ಬೇಕು ಅಂತ ಯಾವ ಗಿರಾಕಿಯೂ ಹಟ ಹಿಡಿದದ್ದಿಲ್ಲ.

ನನ್ನನ್ನು ನಿಜವಾಗಿ ದಡ ಸೇರಿಸಿದ್ದು ರಿಪೇರಿ. ಮುಂದಕ್ಕೆ ಹಾಕಿದ ಸೋಫಾ ಎಂದರೆ ಮನೆಯಲ್ಲಿರುವ ಹಳೆಯದೇ ಇನ್ನೂ ಎರಡು ಮೂರು ವರ್ಷ ದುಡಿಯಬೇಕು ಎಂದರ್ಥ ಅಲ್ವಾ? ಅದನ್ನು ದುಡಿಯುವ ಹಾಗೆ ಮಾಡಿಕೊಡುವವರು ಬೇಕು. ಮುಂಚೆ ರಿಪೇರಿ ಬಂದರೆ ನಮ್ಮಲ್ಲಿ ಮುಖ ಸಿಂಡರಿಸುತ್ತಿದ್ದರು. ಈಗ ಅದಕ್ಕೇ ಒಂದು ಮೂಲೆ, ಒಬ್ಬ ಕೆಲಸಗಾರ.

ಕುಸಿದ ಸೋಫಾ ಬಂದರೆ ನಾವು ಮೊದಲು ತಲೆಕೆಳಗು ಮಾಡಿ ಅಡಿಯ ಬಟ್ಟೆ ಬಿಚ್ಚುತ್ತೇವೆ. ಗಿರಾಕಿ ಎದುರಿಗೇ. ಮೇಲಿನಿಂದ ನೋಡಿದರೆ ಪೂರ್ತಿ ಹಾಳಾದಂತೆ ಕಾಣುವುದರಲ್ಲಿ ಹೆಚ್ಚಿನವು ಒಳಗೆ ಗಟ್ಟಿಯಾಗಿರುತ್ತವೆ. ಎಲಾಸ್ಟಿಕ್ ಪಟ್ಟಿ ಸಡಿಲವಾಗಿ ಜೋತುಬಿದ್ದಿರುತ್ತದೆ. ಫೋಮ್ ಹಳದಿಯಾಗಿ ಬೆರಳಿಟ್ಟರೆ ಪುಡಿ ಉದುರುತ್ತದೆ. ಮರದ ಫ್ರೇಮ್ ಮಾತ್ರ ನೆಟ್ಟಗಿರುತ್ತದೆ. ನಾಲ್ಕೂ ಮೂಲೆ ಹಿಡಿದು ಅಲುಗಾಡಿಸಿ ನೋಡುತ್ತೇವೆ. ಕಿರುಗುಟ್ಟಿದರೆ ಆ ಜಾಯಿಂಟ್ ಬಿಚ್ಚಿ, ಹಳೆ ಅಂಟು ಕೆರೆದು, ಹೊಸ ಅಂಟು ಹಾಕಿ ಕ್ಲಾಂಪ್ ಬಿಗಿಯಬೇಕು. ಮೇಲೆ ಮೊಳೆ ಹೊಡೆದರೆ ಸಾಲದು, ಮರ ಸೀಳುತ್ತದೆ. ಕೂರುವ ಜಾಗಕ್ಕೆ 40 ಡೆನ್ಸಿಟಿ ಫೋಮ್ ಹಾಕುತ್ತೇನೆ, ಒರಗುವಲ್ಲಿಗೆ ಕಮ್ಮಿಯದು ಸಾಕು. ಎಲ್ಲ ಕಡೆಗೂ ದುಬಾರಿ ಫೋಮ್ ತುಂಬಿ ಬಿಲ್ ಉಬ್ಬಿಸುವುದಿಲ್ಲ. ರಿಪೇರಿ ಖರ್ಚು ಹೊಸದರ ಅರ್ಧ ದಾಟುತ್ತದೆ ಅನ್ನಿಸಿದರೆ ನಾನೇ ಬೇಡ ಅನ್ನುತ್ತೇನೆ. ಹಾಗೆ ಬೇಡ ಅನ್ನಿಸಿಕೊಂಡು ಹೋದವರೇ ಆಮೇಲೆ ಹೊಸದಕ್ಕೆ ಬಂದದ್ದುಂಟು.

ವ್ಯಾಪಾರದ ಲೆಕ್ಕದಲ್ಲೂ ರಿಪೇರಿ ಚೆಂದ. ಹೊಸ ವಾರ್ಡ್‌ರೋಬ್‌ಗೆ ಬರುವ ದುಡ್ಡಿನಲ್ಲಿ ದೊಡ್ಡ ಪಾಲು ಮಾಲಿಗೆ ಹೋಗುತ್ತದೆ, ಅದೂ ಮೊದಲೇ. ರಿಪೇರಿಯಲ್ಲಿ ಹೆಚ್ಚಿನದು ಕೂಲಿ. ಕೆಲಸಗಾರರ ಸಂಬಳ ನಾನು ಹೇಗೂ ಕೊಡಲೇಬೇಕು, ಅವರು ಸುಮ್ನೆ ಕೂತರೂ ಕೊಡಬೇಕು. ಮಾಲು ಬಂದು, ಕೆಲಸ ಮುಗಿದು, ದುಡ್ಡು ಕೈಸೇರುವುದು ಕೆಲವೇ ದಿನದಲ್ಲಿ. ಪಳಗಿದ ಕೈಗಳನ್ನು ಬಿಟ್ಟುಕೊಡದೆ ಉಳಿಸಿಕೊಳ್ಳಲು ಆದದ್ದೂ ಇದರಿಂದಲೇ.

ಡಿಸ್ಕೌಂಟ್ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ. ವ್ಯಾಪಾರ ಬಿದ್ದ ಕೂಡಲೇ ಎಲ್ಲರೂ ಮೊದಲು ಮಾಡುವುದು ಅದನ್ನೇ. 100ಕ್ಕೆ ಮಾರುವ ವಸ್ತುವಿಗೆ 70 ಖರ್ಚು ಎಂದಿಟ್ಟುಕೊಳ್ಳಿ. ಉಳಿಯುವುದು 30. ಶೇ 10 ಬಿಟ್ಟರೆ ಉಳಿಯುವುದು 20. ಮೊದಲು 10 ಮಾರಿ ದುಡಿದದ್ದನ್ನು ಈಗ ದುಡಿಯಲು 15 ಮಾರಬೇಕು. ಶೇ 20 ಬಿಟ್ಟರೆ 30 ಮಾರಬೇಕು! ಜನರೇ ಬರುತ್ತಿಲ್ಲ ಎಂದು ಅಳುವ ಕಾಲದಲ್ಲಿ ಮೂರು ಪಟ್ಟು ಮಾರಾಟ ಎಲ್ಲಿಂದ ತರುವುದು? ಅದಕ್ಕೇ ನಾನು ದರ ಇಳಿಸಲಿಲ್ಲ, ವಸ್ತುವನ್ನೇ ಬಿಡಿಬಿಡಿ ಮಾಡಿದೆ. ಮಂಚ ಈಗ ತಗೊಳ್ಳಿ, ಕೆಳಗಿನ ಡ್ರಾಯರ್ ಆಮೇಲೆ ಸೇರಿಸೋಣ, ಅದಕ್ಕೆ ಬೇಕಾದ ಜಾಗ ಈಗಲೇ ಬಿಟ್ಟಿರುತ್ತೇನೆ. ವಾರ್ಡ್‌ರೋಬ್‌ಗೆ ಸದ್ಯಕ್ಕೆ ಸಾದಾ ಹಿಂಜ್ ಸಾಕು, ಮೆಲ್ಲಗೆ ಮುಚ್ಚುವುದು ಬೇಡ. ಗಿರಾಕಿಯ ಬಿಲ್ ಇಳಿಯಿತು, ನನ್ನ ಖರ್ಚೂ ಜತೆಗೇ ಇಳಿಯಿತು. ಆಮೇಲೆ ಡ್ರಾಯರ್‌ಗೆ ಅವರು ನನ್ನ ಹತ್ತಿರವೇ ಬರಬೇಕು, ಅದು ಬೇರೆ.

ಉದ್ರಿ ಮಾತ್ರ ಬಹಳ ಕಾಡಿತು. ಮನೆಯವರು ಸರಿಯಾಗಿ ಕೊಡುತ್ತಾರೆ. ತೊಂದರೆ ದೊಡ್ಡ ಗಿರಾಕಿಗಳಿಂದ. ಆಫೀಸುಗಳ ಒಳಾಂಗಣ ಮಾಡಿಸುವ ಒಬ್ಬ ಕಂಟ್ರಾಕ್ಟರ್ ನಮ್ಮಿಂದ ಸಾಲುಸಾಲು ಮೇಜು ತಗೊಂಡು, ತನಗೆ ಮೇಲಿನವರು ಕೊಟ್ಟಿಲ್ಲ ಎಂದು ತಿಂಗಳುಗಟ್ಟಲೆ ಎಳೆದಾಡಿದ. ಹಿಂಜರಿತದಲ್ಲಿ ಇದು ಸಾಮಾನ್ಯ. ದೊಡ್ಡವರು ಬ್ಯಾಂಕಿನಿಂದ ಬಡ್ಡಿಗೆ ತರುವ ಬದಲು ಸಣ್ಣವರ ದುಡ್ಡನ್ನು ಬಡ್ಡಿಯಿಲ್ಲದೆ ಇಟ್ಟುಕೊಳ್ಳುತ್ತಾರೆ. ಕಾನೂನು ಇಲ್ಲ ಅಂತಲ್ಲ. ಭಾರತದ 2006ರ ಎಂಎಸ್‌ಎಂಇಡಿ ಕಾಯ್ದೆ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ) ಸಣ್ಣ ಉದ್ದಿಮೆಗೆ 45 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು ಎನ್ನುತ್ತದೆ. ಯುರೋಪಿನಲ್ಲೂ 2011ರ ನಿರ್ದೇಶನ ಇದೆ, ಅಲ್ಲಿ ಸಾಮಾನ್ಯವಾಗಿ 60 ದಿನ. ಆದರೆ ನಾಳೆ ಮತ್ತೆ ಆರ್ಡರ್ ಕೊಡಬೇಕಾದವರ ಮೇಲೆ ದೂರು ಕೊಡಲು ಎಷ್ಟು ಜನಕ್ಕೆ ಧೈರ್ಯ ಬರುತ್ತದೆ? ನಾನು ಹಿಡಿದ ದಾರಿ ಬೇರೆ. ಮಾಲಿನ ಖರ್ಚು ಪೂರ್ತಿ ಅಡ್ವಾನ್ಸ್. ಅರ್ಧ ಕೆಲಸ ಆದಾಗ ಇನ್ನೊಂದು ಕಂತು. ಕೊನೆಯದು ಗಾಡಿಗೆ ಹೇರುವ ಮೊದಲು. ಕೆಲಸ ಎಷ್ಟೇ ದೊಡ್ಡದಿರಲಿ, ಇದಕ್ಕೆ ಒಪ್ಪದಿದ್ದರೆ ನಮಸ್ಕಾರ. ಕೊಟೇಶನ್‌ಗೂ 15 ದಿನದ ಗಡುವು ಹಾಕಿದೆ. 2021ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಮರದ ಬೆಲೆ ದಾಖಲೆ ಮಟ್ಟಕ್ಕೆ ಹಾರಿ ಕೆಲವೇ ತಿಂಗಳಲ್ಲಿ ಧೊಪ್ಪನೆ ಬಿದ್ದದ್ದು ನೆನಪಿರಬಹುದು. ಹಳೆ ದರದ ಕೊಟೇಶನ್ ಹಿಡಿದು ಕೂತರೆ ಆ ಏರಿಳಿತವೆಲ್ಲ ನಮ್ಮ ತಲೆ ಮೇಲೆ.

ಡಲ್ ಕಾಲದಲ್ಲಿ ಹೊಸ ವ್ಯಾಪಾರ ಶುರು ಮಾಡಬಹುದಾ ಎಂದೂ ಕೇಳುತ್ತಾರೆ. ಕಷ್ಟಕಾಲದಲ್ಲೇ ಶುರುವಾಗಿ ಗೆದ್ದ 1939ರ ಎಚ್‌ಪಿ (ಕಂಪ್ಯೂಟರ್ ಕಂಪನಿ), 2008ರ ಏರ್‌ಬಿಎನ್‌ಬಿ (ಆನ್‌ಲೈನಿನಲ್ಲಿ ತಂಗಲು ಮನೆ ಕೊಡಿಸುವ ಕಂಪನಿ) ಉದಾಹರಣೆ ಜತೆಗೇ ತಂದಿರುತ್ತಾರೆ. ಗೆದ್ದವರ ಕಥೆ ಎಲ್ಲರಿಗೂ ಗೊತ್ತು, ಅದೇ ವರ್ಷ ಬಾಗಿಲು ಹಾಕಿದವರ ಕಥೆ ಯಾರು ಬರೆಯುತ್ತಾರೆ? ಅಮೆರಿಕದ ಸರ್ಕಾರಿ ಅಂಕಿಗಳ ಪ್ರಕಾರ ಒಳ್ಳೆಯ ಕಾಲದಲ್ಲೂ ಹೊಸ ವ್ಯಾಪಾರಗಳಲ್ಲಿ ಸುಮಾರು ಅರ್ಧ ಐದು ವರ್ಷದೊಳಗೆ ಮುಚ್ಚುತ್ತವೆ. ಹಾಗಂತ ಬೇಡವೇ ಬೇಡ ಎನ್ನುವುದಿಲ್ಲ. ಬಾಡಿಗೆ ಚೌಕಾಸಿಗೆ ಬಗ್ಗುತ್ತದೆ. ಮುಚ್ಚಿದವರ ಮೆಷೀನು ಅಗ್ಗಕ್ಕೆ ಸಿಗುತ್ತದೆ. ಪಳಗಿದ ಕೆಲಸಗಾರರೂ ಸಿಗುತ್ತಾರೆ. ನಾನು ಕೇಳುವುದು ಒಂದೇ: ನಿಮ್ಮ ವಸ್ತುವಿಗೆ ಯಾರಾದರೂ ಈಗಲೇ ಅಡ್ವಾನ್ಸ್ ಕೊಟ್ಟಿದ್ದಾರಾ? ನೆಂಟರಿಷ್ಟರನ್ನು ಬಿಟ್ಟು ಹೇಳಿ. ಇಲ್ಲ ಅಂದರೆ ಈಗಿನ ಸಂಬಳ ಬಿಡಬೇಡಿ.

ಕೊನೆಯದಾಗಿ ಕಡಿಮೆ ಜನ ಮಾತಾಡುವ ವಿಷಯ. ಹಿಂಜರಿತ ಮುಗಿಯುವಾಗಲೂ ಅಪಾಯವಿದೆ. ಮುಂದಕ್ಕೆ ಹಾಕಿದವರೆಲ್ಲ ಒಟ್ಟಿಗೇ ಬರುತ್ತಾರೆ. ಆರ್ಡರ್ ಎರಡು ಪಟ್ಟಾದರೆ ಮಾಲು, ಕೂಲಿ, ಓವರ್‌ಟೈಮ್ ಎಲ್ಲ ಎರಡು ಪಟ್ಟು, ಅದೂ ಮೊದಲೇ ಕೊಡಬೇಕು. ಗಿರಾಕಿಯ ದುಡ್ಡು ಬರುವುದು ಆಮೇಲೆ. ವರ್ಷಗಟ್ಟಲೆ ಕೈ ಬಿಗಿ ಹಿಡಿದು ಉಳಿದವರು ಆರ್ಡರ್ ತುಂಬಿದ ತಿಂಗಳಲ್ಲಿ ಸಂಬಳಕ್ಕೆ ದುಡ್ಡಿಲ್ಲದೆ ಒದ್ದಾಡಿದ್ದನ್ನು ನೋಡಿದ್ದೇನೆ. ನಾನು ಆಗ ಆರ್ಡರ್ ಒಪ್ಪಿಕೊಂಡದ್ದು ಮೆಷೀನಿನ ತಾಕತ್ತು ನೋಡಿ ಅಲ್ಲ, ನೋಟ್‌ಬುಕ್ಕಿನ ಕೊನೆಯ ಕಾಲಂ ನೋಡಿ. ಅಡ್ವಾನ್ಸಿನ ಪಾಲನ್ನು ಇಳಿಸಲಿಲ್ಲ. ಕಾಯುವ ಪಟ್ಟಿ ಬೆಳೆಯಿತು. ಕೆಲವರಿಗೆ ಬೇಸರವಾಗಿ ಬೇರೆ ಕಡೆ ಹೋದರು. ಹೋಗಲಿ ಅಂದೆ. ಆ ಕಂಟ್ರಾಕ್ಟರ್ ಕೂಡ ಫೋನ್ ಮಾಡಿ, ಹಳೆ ಬಾಕಿಯ ಮಾತೆತ್ತದೆ ದೊಡ್ಡ ಆರ್ಡರ್ ಇದೆ ಎಂದ. ಹಳೆಯದು ತೀರಿಸಿ, ಹೊಸದಕ್ಕೆ ಅಡ್ವಾನ್ಸ್ ಹಾಕಿ, ಮರುದಿನವೇ ಹಾಳೆ ಕತ್ತರಿಸುತ್ತೇನೆ ಎಂದೆ. ಒಂದು ವಾರ ಫೋನ್ ಬರಲಿಲ್ಲ, ಆಮೇಲೆ ಹಳೆ ಬಾಕಿಯಲ್ಲಿ ಅರ್ಧ ಖಾತೆಗೆ ಬಂತು. ಮಿಕ್ಕ ಅರ್ಧ ಬರುವವರೆಗೆ ಆ ಆರ್ಡರ್ ಬರೆದುಕೊಂಡಿಲ್ಲ.