ಅಮೆರಿಕದಲ್ಲಿ ಮನೆ ಕೊಳ್ಳುವ ವಲಸಿಗರು ಜನಾಂಗೀಯ ತಾರತಮ್ಯವನ್ನು ಗುರುತಿಸಿ ಎದುರಿಸುವ ಬಗೆ

ಅಮೆರಿಕದಲ್ಲಿ ಮನೆ ಕೊಳ್ಳಲು ಹೊರಟ ವಲಸಿಗರಿಗೆ ‘ನಿಮ್ಮಂಥವರಿಗೆ ಮಾರುವುದಿಲ್ಲ’ ಎಂದು ಮುಖಕ್ಕೆ ಹೊಡೆದಂತೆ ಹೇಳುವವರು ಇಂದು ವಿರಳ. ಏಜೆಂಟರು ಆದರದಿಂದಲೇ ಮಾತನಾಡಿಸುತ್ತಾರೆ. ಇನ್ನೊಬ್ಬರಿಗೆ ತೋರಿಸಿದ ಕೆಲವು ಮನೆಗಳನ್ನು ಮಾತ್ರ ನಮಗೆ ತೋರಿಸಿರುವುದಿಲ್ಲ. ಅಲ್ಲಿನ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯು 2012ರಲ್ಲಿ 28 ಮಹಾನಗರ ಪ್ರದೇಶಗಳಲ್ಲಿ, ಆದಾಯ ಮತ್ತು ಅರ್ಹತೆ ಸಮನಾಗಿದ್ದು ಜನಾಂಗ ಮಾತ್ರ ಬೇರೆಯಾಗಿದ್ದ ಇಬ್ಬಿಬ್ಬರು ಪರೀಕ್ಷಕರನ್ನು ಏಜೆಂಟರ ಬಳಿಗೆ ಕಳುಹಿಸಿ ಪರೀಕ್ಷಿಸಿದಾಗ, ಏಷ್ಯಾ ಮೂಲದವರಿಗೆ ಬಿಳಿಯರಿಗಿಂತ ಶೇ 18.8ರಷ್ಟು, ಕಪ್ಪು ಜನರಿಗೆ ಶೇ 17.7ರಷ್ಟು ಕಡಿಮೆ ಮನೆಗಳನ್ನು ತೋರಿಸಲಾಗಿತ್ತು. ಇಬ್ಬರ ಅನುಭವವನ್ನು ಅಕ್ಕಪಕ್ಕ ಇಟ್ಟು ನೋಡಿದ್ದರಿಂದಲೇ ಈ ವ್ಯತ್ಯಾಸ ಬೆಳಕಿಗೆ ಬಂತು. ಹಾಗಾಗಿ ಮುಂದೆ ಹೋಲಿಸಿ ನೋಡಲು ಬರುವಂಥ ದಾಖಲೆಯನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳುವುದು ಅತ್ಯಗತ್ಯ.

ನಿಮಗೆ ಎಷ್ಟು ಸಾಲ ಸಿಗಬಹುದೆಂದು ತಿಳಿಸುವ ಪ್ರೀ-ಅಪ್ರೂವಲ್ ಪತ್ರವನ್ನು ಬ್ಯಾಂಕಿನಿಂದ ಪಡೆದ ನಂತರವೇ ಏಜೆಂಟರನ್ನು ಕಾಣಿ. ನಿಮ್ಮ ಬಜೆಟ್, ಬೇಕಾದ ಕೋಣೆಗಳು, ಕಚೇರಿಗಿರುವ ದೂರ ಇವನ್ನು ಬಾಯಲ್ಲಿ ಹೇಳಿ ಬಿಡದೆ ಇಮೇಲ್‌ನಲ್ಲಿ ಬರೆದು ಕಳುಹಿಸಿ. ಅದೇ ಮಾನದಂಡಗಳಿಗೆ ಹೊಂದುವ, ಮಾರಾಟಕ್ಕಿರುವ ಮನೆಗಳ ಜಾಹೀರಾತುಗಳನ್ನು (ಲಿಸ್ಟಿಂಗ್) ನೀವೂ ಹುಡುಕಿ, ತೋರಿಸದೆ ಉಳಿದ ಮನೆಗಳ ಪಟ್ಟಿ ಮಾಡಿ, ಏಕೆ ತೋರಿಸಲಿಲ್ಲವೆಂದು ಬರವಣಿಗೆಯಲ್ಲಿಯೇ ಕೇಳಿ. ಫೋನಿನಲ್ಲಿ ಆಡಿದ ಮಾತನ್ನು ದಿನಾಂಕ, ಸಮಯ, ಹೆಸರಿನೊಂದಿಗೆ ಅಂದೇ ಬರೆದಿಡಿ.

‘ನಿಮ್ಮವರು ಹೆಚ್ಚಾಗಿರುವ ಬಡಾವಣೆ ಇದೆ, ಅಲ್ಲಿ ನಿಮಗೆ ಹಿತವೆನಿಸುತ್ತದೆ’ ಎಂಬ ಮಾತಿನ ಬಗ್ಗೆ ವಿಶೇಷ ಎಚ್ಚರವಿರಲಿ. ಪರದೇಶದಲ್ಲಿ ನೆಲೆ ಹುಡುಕುತ್ತಿರುವವರಿಗೆ ಇದು ಅಕ್ಕರೆಯಾಗಿ ಕೇಳಿಸುತ್ತದೆ, ಹಾಗೆ ಕೇಳಿಸುವುದು ತಪ್ಪೂ ಅಲ್ಲ. ಆದರೆ ಕೊಳ್ಳುವವರ ಮೂಲವನ್ನು ನೋಡಿ ಬಡಾವಣೆಯನ್ನು ಆರಿಸಿಕೊಡುವುದಕ್ಕೆ ಸ್ಟೀರಿಂಗ್ ಎಂಬ ಹೆಸರಿದೆ, ಮತ್ತು ಅದು ಕಾನೂನುಬಾಹಿರ. ನಮ್ಮವರ ನಡುವೆಯೇ ಇರಬೇಕೆಂಬ ಆಸೆ ನಿಮಗಿದ್ದರೆ ಆ ಆಯ್ಕೆ ಸಂಪೂರ್ಣವಾಗಿ ನಿಮ್ಮದು. ಅದನ್ನು ನಿಮ್ಮ ಪರವಾಗಿ ಏಜೆಂಟರು ಮಾಡಿಬಿಡುವಂತಿಲ್ಲ.

ಸಾಲದ ಹಂತದಲ್ಲಿ ಒಂದೇ ಬ್ಯಾಂಕನ್ನು ನಂಬಿ ಕೂರಬೇಡಿ. ಅರ್ಜಿ ಪಡೆದ 3 ಕೆಲಸದ ದಿನಗಳೊಳಗೆ ಬ್ಯಾಂಕು ಕೊಡಬೇಕಾದ ಸಾಲದ ವೆಚ್ಚದ ಅಂದಾಜು ಪತ್ರ (ಲೋನ್ ಎಸ್ಟಿಮೇಟ್) ಎಲ್ಲೆಡೆ ಒಂದೇ ನಮೂನೆಯಲ್ಲಿರುವುದರಿಂದ ಬಡ್ಡಿ ಮತ್ತು ಶುಲ್ಕಗಳನ್ನು ಸಾಲುಸಾಲಾಗಿ ಹೋಲಿಸಬಹುದು. ವೀಸಾ ಅಥವಾ ನಿವಾಸದ ಸ್ಥಿತಿಯನ್ನು ಬ್ಯಾಂಕು ಕೇಳಬಹುದು. ಹುಟ್ಟಿದ ದೇಶದ ಕಾರಣಕ್ಕೆ ಸಾಲ ನಿರಾಕರಿಸುವಂತಿಲ್ಲ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಮನೆಯ ಬೆಲೆಯನ್ನು ಅಂದಾಜಿಸುವ ಅಪ್ರೈಸಲ್ ವರದಿಯ ಪ್ರತಿಯೂ ನಿಮ್ಮ ಹಕ್ಕು. ಮೌಲ್ಯ ಅನುಮಾನಾಸ್ಪದವಾಗಿ ಕಡಿಮೆಯಿದ್ದರೆ ಹತ್ತಿರದಲ್ಲಿ ಮಾರಾಟವಾದ ಅಂಥದೇ ಮನೆಗಳ ವಿವರ ಕೊಟ್ಟು ಮರುಪರಿಶೀಲನೆ ಕೋರಿ.

1968ರ ಫೇರ್ ಹೌಸಿಂಗ್ ಕಾಯ್ದೆಯು ಜನಾಂಗ, ಬಣ್ಣ, ಧರ್ಮ ಮತ್ತು ಮೂಲದೇಶದ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ. ಅದರ ರಕ್ಷಣೆ ಪಡೆಯಲು ಅಮೆರಿಕದ ಪೌರತ್ವ ಬೇಕಿಲ್ಲ. ಮೇಲೆ ಹೇಳಿದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಗೆ ತಾರತಮ್ಯ ನಡೆದ 1 ವರ್ಷದೊಳಗೆ ಶುಲ್ಕವಿಲ್ಲದೆ ದೂರು ಕೊಡಬಹುದು, 2 ವರ್ಷದೊಳಗೆ ನ್ಯಾಯಾಲಯಕ್ಕೆ ಹೋಗಬಹುದು. ದೂರು ಕೊಟ್ಟವರನ್ನು ಬೆದರಿಸುವುದು, ಸೇಡು ತೀರಿಸಿಕೊಳ್ಳುವುದು ಕೂಡ ಕಾನೂನಿನ ಉಲ್ಲಂಘನೆಯೇ.

ಸಂಶಯ ಬಂದ ಕೂಡಲೇ ಏಜೆಂಟರೊಂದಿಗೆ ಜಗಳಕ್ಕೆ ನಿಲ್ಲುವುದಕ್ಕಿಂತ ವಸತಿ ತಾರತಮ್ಯದ ವಿರುದ್ಧ ನೆರವಾಗುವ ಸ್ಥಳೀಯ ಫೇರ್ ಹೌಸಿಂಗ್ ಸಂಸ್ಥೆಗೆ ಕರೆ ಮಾಡುವುದು ಮೇಲು. ಅವಮಾನ ನುಂಗಿಕೊಂಡು ವಾರಗಟ್ಟಲೆ ಸುಮ್ಮನಿದ್ದು ಆಮೇಲೆ ಕರೆ ಮಾಡುವವರ ಸಂಕಟ ಅರ್ಥವಾಗುವಂಥದ್ದೇ. ಆದರೆ ಇಂಥ ಅನೇಕ ಸಂಸ್ಥೆಗಳು ಬೇರೆ ಜನಾಂಗದ ಪರೀಕ್ಷಕರನ್ನು ಅದೇ ಮನೆಗೆ ಕಳುಹಿಸಿ ಏಜೆಂಟರ ಉತ್ತರವನ್ನು ದಾಖಲಿಸಬಲ್ಲವು, ಮತ್ತು ಆ ಪರೀಕ್ಷೆ ಮನೆ ಇನ್ನೂ ಮಾರಾಟಕ್ಕಿರುವಾಗ ಮಾತ್ರ ಸಾಧ್ಯ.